ಏಣಿಯ ಮೇಲಿನ ಗುಡಾಣ

ಪಪ್ಪನ ಹತ್ತಿರ ನಾನು ಕೇಳಿದ್ದು ಕೈಗಡಿಯಾರ. ಅವರು ಕುವೈತಿನಿಂದ ತಂದದ್ದು ಅಂಗೈ ಅಗಲದ ಒಂದು ವಿಡಿಯೋ ಗೇಮ್. ನಾನು ಮುಖ ಊದಿಸಿಕೊಂಡು ನಿಂತದ್ದನ್ನು ಕಂಡು, "ಆಡದೆ ಸುಮ್ಮನೆ ಇಟ್ಟರೆ ಇದು ಗಂಟೆಯನ್ನೂ ತೋರಿಸ್ತದೆ, ನೋಡು. ಒಂದರಲ್ಲೇ ಎರಡಾಯಿತಲ್ಲ" ಎಂದರು. ನನಗೆ ಆಗಲೂ ಈಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಎರಡು ವರ್ಷಕ್ಕೊಮ್ಮೆ ಮನೆಗೆ ಬರುವ ಅಪ್ಪನ ಜೊತೆ ಜಗಳ ಮಾಡಲು ಮನಸ್ಸಾಗಲಿಲ್ಲ. ಈ ಪೆಟ್ಟಿಗೆಯನ್ನು ಕೈಗೆ ಕಟ್ಟಿಕೊಂಡು ಶಾಲೆಗೆ ಹೋಗಲೇ ಎಂದು ಅಡಿಗೆಮನೆಯಲ್ಲಿ ಅಮ್ಮನ ಹತ್ತಿರ ಗೊಣಗಿ ಸುಮ್ಮನಾದೆ.

ಅದು ಎಂಬತ್ತರ ದಶಕದ ಆರಂಭ. ನಾನು ಒಂಬತ್ತನೆಯ ಕ್ಲಾಸಿಗೆ ಕಾಲಿಡುವ ಬೇಸಗೆ. ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಗೂ ಕಡಲಿಗೂ ನಡುವಿನ ತೆಂಗಿನ ತೋಟದಲ್ಲಿತ್ತು. ಮನೆಯೊಳಗೆ ನಮ್ಮದು ಕೊಂಕಣಿ, ಬೇಲಿಯಾಚೆಯ ಮನೆಯವರದು ತುಳು, ಶಾಲೆಯಲ್ಲಿ ಎಲ್ಲರಿಗೂ ಕನ್ನಡ. ಬೇಲಿಯಾಚೆಯವರು ಮೀನುಗಾರರು. ಆ ಮನೆಯ ಹುಡುಗಿ ನನ್ನದೇ ಕ್ಲಾಸು, ಒಂದನೆಯ ಕ್ಲಾಸಿನಿಂದಲೂ ಒಂದೇ ಬೆಂಚು. ಹೀಗಾಗಿ ಗೇಮ್ ಬಂದ ಮರುದಿನವೇ ಅದು ನಮ್ಮಿಬ್ಬರದೂ ಆಯಿತು.

ಆಟವೇನೂ ದೊಡ್ಡದಲ್ಲ. ಬೂದು ಬಣ್ಣದ ಪುಟ್ಟ ಗಾಜಿನ ಮೇಲೆ ಒಂದು ಗೋಪುರ, ಅದಕ್ಕೆ ಮೂರು ಏಣಿ. ತುದಿಯಲ್ಲಿ ಸೊಂಟಕ್ಕೆ ಲಾಟೀನು ಕಟ್ಟಿಕೊಂಡ ಒಬ್ಬ ಡೊಳ್ಳುಹೊಟ್ಟೆಯವ, ಮೀಸೆ ಕಿವಿಯವರೆಗೆ. ಕೆಳಗೆ ಮೂಲೆಯಲ್ಲಿ ಅಲೆಯ ಗೆರೆಗಳು. ಆ ಅಲೆಯಿಂದ ಒಬ್ಬ ಸಣ್ಣ ಮನುಷ್ಯ ಎದ್ದು ಬಂದು ಏಣಿ ಹತ್ತಬೇಕು. ಗುಂಡಿ ಒತ್ತಿ ಹತ್ತಿಸುವವರು ನಾವು. ಡೊಳ್ಳುಹೊಟ್ಟೆಯವ ಮೇಲಿನಿಂದ ಮಡಕೆ ಎಸೆಯುತ್ತಾನೆ. ಮಡಕೆ ತಗಲಿದರೆ ಸಣ್ಣ ಮನುಷ್ಯ ಸಮುದ್ರಕ್ಕೆ ಬೀಳುತ್ತಾನೆ, ಮೇಲಿನವ ಹೊಟ್ಟೆ ಕುಲುಕಿಸಿ ಕುಣಿಯುತ್ತಾನೆ, ಪೆಟ್ಟಿಗೆ ಕೀ ಕೀ ಎನ್ನುತ್ತದೆ. ಕೆಲವು ಸಲ ಎಸೆಯುವ ಭರದಲ್ಲಿ ಅವನೇ ಜಾರಿ ಕುಂಡೆ ಊರಿ ಕೂರುತ್ತಿದ್ದ. ಅದನ್ನು ನೋಡಲಿಕ್ಕೆಂದೇ ನನ್ನ ಅಮ್ಮ ಕೈಯ ಹಿಟ್ಟು ತೊಳೆಯದೆ ಓಡಿ ಬರುತ್ತಿದ್ದಳು. ನಾವು ಅವನಿಗೆ ಗುಡಾಣ ಎಂದು ಹೆಸರಿಟ್ಟೆವು. ನಮ್ಮ ಬಚ್ಚಲಿನಲ್ಲಿ ಅಂಥದೇ ಹೊಟ್ಟೆಯ ನೀರಿನ ಗುಡಾಣವೊಂದಿತ್ತು.

ಆಡುವಾಗ ನನ್ನ ಗೆಳತಿ ಬಹಳ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿ ಎರಡು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಮೇ ತಿಂಗಳ ಕೊನೆಯಲ್ಲಿ, ಇನ್ನೇನು ಮಳೆಗಾಲಕ್ಕೆ ಬೋಟುಗಳನ್ನು ಮೇಲೆಳೆಯಬೇಕು ಎನ್ನುವಾಗ, ಅವಳ ಅಣ್ಣ ಮಲ್ಪೆಯಿಂದ ಹೋದ ಬೋಟು ತಿರುಗಿ ಬರಲಿಲ್ಲ. ಜೊತೆಗಿದ್ದವರ ದೇಹ ಒಂದೊಂದಾಗಿ ದಡಕ್ಕೆ ಬಂತು. ಇವನದು ಬರಲಿಲ್ಲ. ಬರಲಿಲ್ಲವಾದ್ದರಿಂದ ಅವನು ಸತ್ತಿಲ್ಲ ಎಂದು ಅವಳ ಅಮ್ಮ ಹಟ ಹಿಡಿದಿದ್ದರು. ಮಧ್ಯಾಹ್ನ ಅವನ ತಟ್ಟೆಗೆ ಅನ್ನ ಬಡಿಸಿ ಮುಚ್ಚಿಡುವರು; ಸಂಜೆ ಕಡಲ ದಡದ ದೀಪಸ್ತಂಭದ ಬಂಡೆಯ ತನಕ ಹೋಗಿ ಕತ್ತಲಾಗುವ ಮೊದಲು ತಿರುಗಿ ಬರುವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ನನ್ನ ಅಮ್ಮ ಹಾಗೆ ಕರೆಯುತ್ತಿದ್ದಳೆಂದು.

ಆಟಿ ತಿಂಗಳಲ್ಲಿ, ಎಂದರೆ ತುಳುವರ ಆಷಾಢದಲ್ಲಿ, ಆ ಕಡೆಯ ಮನೆಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಯಾರಿಗೆ ಏನು ಇಷ್ಟವೋ ಅದನ್ನೇ ಮಾಡಿ, ಸಂಜೆ ಒಳಕೋಣೆಯಲ್ಲಿ ಎಲೆಯ ಮುಂದೆ ಮಣೆ ಇಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಒಳಗಿದ್ದವರು ಉಂಡರು ಎನ್ನುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಎರಡು ಆಟಿ ಬಂದು ಹೋಯಿತು, ಅಕ್ಕ ಮಗನ ಎಲೆ ಹಾಕಲಿಲ್ಲ. ಅವರ ಅಣ್ಣ, ಎಂದರೆ ಗೆಳತಿಯ ಸೋದರಮಾವ, ಅಳಿಯಕಟ್ಟಿನ ಆ ಮನೆಗೆ ಯಜಮಾನ, ವಾಸ ಮಾತ್ರ ಬೇರೆ ಕಡೆ. ಅವರು ಪ್ರತಿ ವರ್ಷ ಬಂದು, "ಎಲೆ ಹಾಕದಿದ್ದರೆ ಹುಡುಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತ ಆಗ್ತಾನೆ" ಎಂದು ಹೇಳಿ ಹೋಗುವರು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಾನು ಮಾಡಿದ್ದನ್ನು ಮಾಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಣ್ಣವಳಾಗಿದ್ದೆ ಎಂಬ ನೆವ ಬೇಡ.

ಜೂನ್ ತಿಂಗಳಲ್ಲಿ ಗೇಮಿನ ಸೆಲ್ಲು ಮುಗಿಯಿತು. ಉಡುಪಿಯ ವಾಚ್ ರಿಪೇರಿ ಅಂಗಡಿಯಿಂದ ಸೆಲ್ಲು ತರಿಸಿ ನಾನೇ ಹಾಕಿದೆ. ಹಾಕಿದ ಕ್ಷಣ ಗಾಜಿನ ಮೇಲಿದ್ದದ್ದೆಲ್ಲ ಒಟ್ಟಿಗೆ ಕಾಣಿಸಿತು. ಎಲ್ಲ ಮಡಕೆಗಳು, ಪ್ರತಿಯೊಂದು ಮೆಟ್ಟಿಲಿನ ಮೇಲೂ ಆ ಸಣ್ಣ ಮನುಷ್ಯ, ಇರಬಹುದಾದ ಎಲ್ಲ ಜಾಗದಲ್ಲೂ ಗುಡಾಣ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆದರೆ ಅಷ್ಟರಲ್ಲಿ ನಾವಿಬ್ಬರೂ ಒಂದನ್ನು ಕಂಡೆವು. ಕೆಳಗೆ, ಅಲೆಯ ಪಕ್ಕದ ಕೊನೆಯ ಮೆಟ್ಟಿಲ ಮೇಲೆ, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಕುಳಿತ ಗುಡಾಣ.

"ಅವ ಅಲ್ಲಿಗೆ ಯಾವಾಗ ಬರ್ತಾನೆ?" ಎಂದಳು ಗೆಳತಿ.

ಅವನು ಅಲ್ಲಿಗೆ ಬರುವುದೇ ಇಲ್ಲ. ಎರಡು ವಾರ ಆಡಿ ನೋಡಿದೆವು. ಸೋತು ನೋಡಿದೆವು, ಗೆದ್ದು ನೋಡಿದೆವು, ಗುಂಡಿ ಒತ್ತದೆ ಸುಮ್ಮನಿದ್ದು ನೋಡಿದೆವು. ಗುಡಾಣ ಗೋಪುರದ ಮೇಲೆ ಕುಣಿಯುತ್ತಲೇ ಇದ್ದ. ಆದರೆ ಪೆಟ್ಟಿಗೆಯನ್ನು ಬೆಳಕಿಗೆ ಓರೆ ಹಿಡಿದರೆ, ಮಂಜು ಹಿಡಿದ ಗಾಜಿನಲ್ಲಿ ಬೆರಳಿಂದ ಗೀಚಿದ ಹಾಗೆ, ಆ ಕುಳಿತವನು ತೆಳ್ಳಗೆ ಕಾಣುತ್ತಿದ್ದ. ಮೇಲೆ ಒಬ್ಬ ಕುಣಿಯುವಾಗಲೂ ಕೆಳಗೆ ಒಬ್ಬ ಕುಳಿತೇ ಇದ್ದ. ಅದೇ ಗಾಜನ್ನು ಬೇರೊಂದು ಬಗೆಯ ಆಟಕ್ಕೂ ಬಳಸಿರಬೇಕು, ನಮ್ಮ ಪೆಟ್ಟಿಗೆಯಲ್ಲಿ ಆ ಚಿತ್ರ ಕೆಲಸವಿಲ್ಲದೆ ಉಳಿದಿರಬೇಕು ಎಂದು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಎಷ್ಟೋ ವರ್ಷದ ಮೇಲೆ ನನಗೆ ವಿವರಿಸಿದ. ಆಗ ನಮಗೆ ಹಾಗೆ ಹೇಳುವವರಿರಲಿಲ್ಲ. ನನಗೆ ಆ ಬೆನ್ನು ಬಾಗಿದ ಚಿತ್ರ ನೋಡಿದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು, ನೋಡದಿರಲೂ ಆಗುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಕನ್ನಡದ ಮೇಷ್ಟ್ರು ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಇಡೀ ಶಾಲೆಗೆ ಒಂದೇ ಪ್ರತಿ. ಚೆಂದದ ಅಕ್ಷರದವರು ಬರೆಯುವುದು, ಚಿತ್ರ ಬರುವವರು ಅಂಚಿಗೆ ಬಳ್ಳಿ ಬಿಡಿಸುವುದು. ಮೇಷ್ಟ್ರ ನಿಯಮವೆಂದರೆ, ಆ ಪ್ರತಿ ದಿನಕ್ಕೊಂದು ಮನೆಯಂತೆ ಸುತ್ತಬೇಕು. ಓದು ಬಾರದ ಹಿರಿಯರಿಗೆ ಮಕ್ಕಳು ಗಟ್ಟಿಯಾಗಿ ಓದಿ, ಅವರ ಭಾಷೆಯಲ್ಲಿ ಹೇಳಬೇಕು. "ಮನೆಯವರ ಮುಂದೆ ಓದಲಿಕ್ಕಾಗದ್ದನ್ನು ಬರೆಯಬೇಡಿ" ಎನ್ನುತ್ತಿದ್ದರು ಮೇಷ್ಟ್ರು. ಅವರ ಮನಸ್ಸಿನಲ್ಲಿದ್ದದ್ದು ಪ್ರೇಮಪತ್ರದಂಥವು. ನಾನು ಬರೆಯಲಿದ್ದದ್ದು ಅವರ ಊಹೆಯಲ್ಲೂ ಇರಲಿಲ್ಲ.

ನಾನು ಗುಡಾಣನ ಕತೆ ಬರೆದೆ. ತಮಾಷೆಯಾಗಿಯೇ ಶುರು ಮಾಡಿದ್ದು. ಈ ಹೊಟ್ಟೆಯವನಿಗೆ ಗೋಪುರದ ಮೇಲೆ ಊಟ ಕೊಡುವವರು ಯಾರು, ಮಡಕೆಗಳನ್ನು ಮಾಡಿಕೊಡುವವರು ಯಾರು ಎಂದೆಲ್ಲ ಒಂದು ಪುಟ ಬರೆದೆ. ಆಮೇಲೆ ಪೆನ್ನು ಬೇರೆ ಕಡೆಗೆ ಹೋಯಿತು. ಏಣಿ ಹತ್ತುವವನ ಬಗ್ಗೆ ಯೋಚಿಸಿದೆ. ಅವನು ಬರುವುದು ಸಮುದ್ರದಿಂದ. ಬೀಳುವುದು ಸಮುದ್ರಕ್ಕೆ. ಮೂರು ಸಲ ಬಿದ್ದು ಸತ್ತು ಆಟ ಮುಗಿದರೂ, ಹೊಸದಾಗಿ ಶುರುವಾದೊಡನೆ ಅದೇ ಅಲೆಯಿಂದ ಮತ್ತೆ ಎದ್ದು ಬರುತ್ತಾನೆ. ಹಾಗೆ ಎದ್ದು ಬರುವವನು ಬದುಕಿರುವವನು ಹೇಗಾಗುತ್ತಾನೆ? ಇದು ಹೊಳೆದಾಗ ಮಧ್ಯಾಹ್ನದ ಹೊತ್ತು, ಅಂಗಳದಲ್ಲಿ ಮಳೆ ಹೊಯ್ಯುತ್ತಿತ್ತು, ನಾನು ಎದ್ದುಹೋಗಿ ಹಿತ್ತಿಲ ಬಾಗಿಲು ಹಾಕಿ ಬಂದೆ.

ಕತೆ ಹೀಗಾಯಿತು. ಗುಡಾಣ ದೀಪಸ್ತಂಭದ ದೀಪದವನು. ಊರಿಗೆಲ್ಲ ತಮಾಷೆಯವನು, ಅವನ ಹೊಟ್ಟೆ ನೋಡಿ ನಗದ ಮಕ್ಕಳಿಲ್ಲ. ಒಂದು ಸಂಜೆ ಹೊಟ್ಟೆ ಬಿರಿಯುವ ಹಾಗೆ ಉಂಡು ಮಲಗಿದವನು ದೀಪ ಹಚ್ಚಲು ಮರೆತ. ಒಂದು ಬೋಟು ಬಂಡೆಗೆ ಬಡಿಯಿತು. ಅಂದಿನಿಂದ ಆ ಬೋಟಿನವನೊಬ್ಬ ದಿನವೂ ನೀರಿನಿಂದೆದ್ದು ಏಣಿ ಹತ್ತುತ್ತಾನೆ. ಅವನಿಗೆ ಗುಡಾಣನ ಮೇಲೆ ಹಗೆಯಿಲ್ಲ. ತಾನು ಸತ್ತೆನೋ ಬದುಕಿದ್ದೇನೋ ಅವನಿಗೆ ತಿಳಿಯದು, ಕೇಳಲು ಬರುತ್ತಾನೆ. ಗುಡಾಣನಿಗೆ ಹೇಳುವ ಧೈರ್ಯವಿಲ್ಲ. ಹೇಳಿದರೆ ತನ್ನ ತಪ್ಪು ಒಪ್ಪಿದಂತಾಗುತ್ತದಲ್ಲ. ಅದಕ್ಕೇ ಮಡಕೆ ಎಸೆಯುತ್ತಾನೆ. ನೋಡುವವರಿಗೆ ಕುಣಿತದಂತೆ ಕಾಣುವುದು ಅವನ ನಡುಕ. ಯಾರಾದರೂ "ನೀನು ಸತ್ತಿದ್ದೀಯ" ಎಂದು ಬಾಯಿಬಿಟ್ಟು ಹೇಳುವ ತನಕ ಸತ್ತವನ ಕಾಲು ಒಣಗುವುದಿಲ್ಲ. ಅವನು ಮನೆಮನೆಯ ಜಗಲಿಯ ಮೇಲೆ ಒದ್ದೆ ಹೆಜ್ಜೆ ಬಿಟ್ಟು ಹೋಗುತ್ತಾನೆ. ಕೊನೆಗೊಂದು ದಿನ ಗುಡಾಣ ಇಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ಕುಳಿತು, ಮುಖ ಮುಚ್ಚಿಕೊಂಡು ಆ ಮಾತು ಹೇಳುತ್ತಾನೆ. ಸತ್ತವನ ಕಾಲು ಒಣಗುತ್ತದೆ. ಅವನು ಹೊರಟು ಹೋಗುತ್ತಾನೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಆದರೆ ಗೆಳತಿಯ ಅಣ್ಣನ ಎಡಗಾಲಿನ ಹಿಮ್ಮಡಿಗೆ ಯಾವುದೋ ಕಾಲದಲ್ಲಿ ಲಂಗರಿನ ಮೊನೆ ಹೊಕ್ಕು, ಅವನು ಆ ಹಿಮ್ಮಡಿ ಊರದೆ ಬೆರಳ ಮೇಲೆಯೇ ನಡೆಯುತ್ತಿದ್ದ. ಗೇಮಿನ ಸಣ್ಣ ಮನುಷ್ಯನೂ ಎಡಗಾಲು ಎತ್ತಿಕೊಂಡೇ ಇರುತ್ತಿದ್ದ. ನಾನು ಒದ್ದೆ ಹೆಜ್ಜೆಗಳಲ್ಲಿ ಎಡದ್ದಕ್ಕೆ ಹಿಮ್ಮಡಿ ಇಲ್ಲ ಎಂದು ಬರೆದೆ. ಬರೆದು, ಎಷ್ಟು ಚೆನ್ನಾಗಿ ಬಂತು ಎಂದು ನನಗೆ ನಾನೇ ಹಿಗ್ಗಿದೆ. ಆ ಹಿಗ್ಗು ಈಗಲೂ ನೆನಪಿದೆ. ನೆನಪಾದಾಗ ನಾಚಿಕೆಯಾಗುತ್ತದೆ.

ಮೊದಲು ಗೆಳತಿಗೇ ತೋರಿಸಿದೆ. ಅವಳು ಓದಿ ಮುಗಿಸಿ, ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ, "ಕೊನೆ ಬದಲಿಸ್ತೀಯಾ?" ಎಂದಳು.

"ಎಂತ ಬದಲಿಸುವುದು?"

"ಅವ ಮೇಲೆ ತನಕ ಹತ್ತಿ ಲಾಟೀನು ತಗೊಂಡು ಮನೆಗೆ ಹೋಗಲಿ. ಅಷ್ಟೇ. ಒಂದು ಸಾಲು ಸಾಕು ಮಾರಾಯ್ತಿ."

"ಕತೆಗೆ ಅದು ಕೂಡಿ ಬರುವುದಿಲ್ಲ" ಎಂದೆ. ಹದಿನಾಲ್ಕು ವರ್ಷದ ನಾನು, ದೊಡ್ಡ ಸಾಹಿತಿಯ ಹಾಗೆ. ಅಣ್ಣನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟು, ಛತ್ರಿ ಬಿಡಿಸದೆ ಬೇಲಿ ದಾಟಿ ಹೋದಳು.

ಕತೆ ಪತ್ರಿಕೆಗೆ ಸೇರಿತು. "ಕಲ್ಪನೆ ಚೆನ್ನಾಗಿದೆ, ಒತ್ತಕ್ಷರ ನೋಡಿಕೊ" ಎಂದು ಮೇಷ್ಟ್ರು ಅಂಚಿನಲ್ಲಿ ಬರೆದರು. ಪತ್ರಿಕೆ ಮನೆಮನೆ ಸುತ್ತಿತು. ಅಂಗಡಿಯ ಬ್ಯಾರಿ ಅಜ್ಜ ನನ್ನನ್ನು ನಿಲ್ಲಿಸಿ, "ಆ ಹೊಟ್ಟೆಯವನ ಕತೆ ನೀನಾ ಬರೆದದ್ದು? ನನ್ನ ಮೊಮ್ಮಕ್ಕಳು ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುವುದಿಲ್ಲ ಈಗ" ಎಂದು ನಗುತ್ತ ಬೈದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆಟಿ ಅಮಾವಾಸ್ಯೆಗೆ ಇನ್ನು ಎಂಟೋ ಒಂಬತ್ತೋ ದಿನವಿರುವಾಗ ಪತ್ರಿಕೆ ಬೇಲಿಯಾಚೆಯ ಮನೆಗೆ ಹೋಯಿತು. ಅಲ್ಲಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಗೆಳತಿ ಅಮ್ಮನಿಗೆ ಉಳಿದದ್ದನ್ನೆಲ್ಲ ಓದಿ ತುಳುವಿನಲ್ಲಿ ಹೇಳಿದಳು. ನನ್ನ ಕತೆಯನ್ನು ಮೊದಲ ಪುಟದ ತಮಾಷೆಯವರೆಗೆ ಓದಿ "ಮುಗಿಯಿತು" ಎಂದಳು. ಅಂದು ಸೋದರಮಾವ ಬಂದು ಕುಳಿತಿದ್ದರು. ಅವರಿಗೆ ಓದು ಬರುತ್ತಿತ್ತು. "ಇನ್ನೂ ನಾಲ್ಕು ಹಾಳೆ ಉಂಟಲ್ಲ" ಎಂದು ಅವರೇ ಪತ್ರಿಕೆ ತೆಗೆದುಕೊಂಡು, ಕನ್ನಡಕ ಹಾಕಿ, ಕೊನೆಯ ಸಾಲಿನ ತನಕ ಓದಿ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಅಕ್ಕ ಮಳೆಗೆ ಓಲೆಯ ಗೊರಬೆ ಹೊದ್ದು ನಮ್ಮ ಅಂಗಳಕ್ಕೆ ಬಂದರು. ನನ್ನ ಅಮ್ಮ ಒಳಗಿನಿಂದ ಬನ್ನಿ ಎಂದಳು. "ಇಲ್ಲ ಬಾಯಮ್ಮ, ಮಗಳ ಹತ್ತಿರ ಒಂದು ಮಾತುಂಟು" ಎಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಒಳ್ಳೆಯದಿತ್ತು.

ಅವರು ಜಗಲಿಯ ಅಂಚಿನಲ್ಲಿ ಕುಳಿತು, ಯಾರಿಗೂ ಕೇಳದ ಹಾಗೆ ಕೇಳಿದರು. "ಅವನ ಕಾಲು ಒದ್ದೆ ಇರ್ತದೆ ಅಂತ ನಿನಗೆ ಯಾರು ಹೇಳಿದ್ದು ಮಗಾ?"

ನಾನು ಜಡೆ ಹೆಣೆಯುತ್ತಲೇ ಇದ್ದೆ.

"ಹಿಮ್ಮಡಿಯ ಸಂಗತಿ ಊರಿಗೆಲ್ಲ ಗೊತ್ತುಂಟು. ಅದು ಬಿಡು. ಜಗಲಿಯ ಮೇಲೆ ಒದ್ದೆ ಹೆಜ್ಜೆ ಅಂತ ಬರೆದಿದ್ದೀಯಲ್ಲ. ಅದು ನಾನು ಯಾರಿಗೂ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಎರಡು ವರ್ಷ ಆಯಿತು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಎದ್ದು ನಾನೇ ಒರೆಸ್ತೇನೆ. ಎಡದ್ದಕ್ಕೆ ಹಿಮ್ಮಡಿ ಇರುವುದಿಲ್ಲ. ನೀನು ಹೇಗೆ ನೋಡಿದೆ?"

ನನ್ನ ಕೈಯಲ್ಲಿ ಅರ್ಧ ಹೆಣೆದ ಜಡೆ ಇತ್ತು. ಅದು ಕೈತಪ್ಪಿ ಬಿಚ್ಚಿಹೋಯಿತು. ನಾನು ನೋಡಲಿಲ್ಲ ಅಕ್ಕ, ಸುಳ್ಳೇ ಬರೆದೆ, ಒಂದು ಗೇಮಿನ ಹೊಟ್ಟೆಯವನ ಮೇಲೆ ಕಟ್ಟಿದ ಕತೆ ಎಂದು ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಅವರು ಹೇಳಿದ್ದು ನಿಜವಾದರೆ ನಾನು ಬರೆದದ್ದು ಸುಳ್ಳು ಹೇಗಾಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಅದರಡಿಯಲ್ಲಿ, ಹೇಳಲು ನಾಲಿಗೆ ಏಳುವುದಿಲ್ಲ, ನನ್ನ ಕತೆ ಇಷ್ಟು ನಿಜವಾಯಿತಲ್ಲ ಎಂಬ ಹೆಮ್ಮೆಯೂ ಇತ್ತು.

"ನಾನು ಖುಷಿಯಲ್ಲಿದ್ದೆ" ಎಂದರು ಅಕ್ಕ. "ದಿನಾ ಬಂದು ಹೋಗ್ತಾನಲ್ಲ, ನನ್ನನ್ನು ನೋಡಿ ಹೋಗ್ತಾನಲ್ಲ ಅಂತ. ಅವನಿಗೆ ಅದು ಕಷ್ಟ ಅಂತ ನನಗೆ ಹೊಳೆಯಲೇ ಇಲ್ಲ. ಆ ದೀಪದವ ಪಾಪ, ಹೆದರಿ ಹೇಳಲಿಲ್ಲ. ನಾನೂ ಹಾಗೇ ಮಾಡಿದೆನಲ್ಲ. ಹೌದಾ ಮಗಾ? ನಾನು ಬಾಯಿಬಿಟ್ಟು ಹೇಳಿದರೆ ಸಾಕಾ? ಅವನ ಕಾಲು ಒಣಗ್ತದಾ?"

ನಾನು "ಸಾಕು" ಎಂದೆ.

ಅಕ್ಕ ನನ್ನ ಕೆನ್ನೆ ಮುಟ್ಟಿ ಎದ್ದು ಹೋದರು. ನಾನು ಅಂದು ಶಾಲೆಗೆ ಹೋಗಲಿಲ್ಲ, ಜ್ವರ ಎಂದು ಮಲಗಿದೆ. ಸಂಜೆಯ ಹೊತ್ತಿಗೆ ಜ್ವರ ನಿಜವಾಗಿಯೂ ಬಂತು.

ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ಎಲೆ ಹಾಕಿದರು. ಬೇರೆ ಜಾತಿಯವರನ್ನು ಅದಕ್ಕೆ ಕರೆಯುವ ಕ್ರಮವಿಲ್ಲ. ಅಕ್ಕ ನನ್ನನ್ನು ಮಾತ್ರ ಕರೆಸಿದರು. ಅಮ್ಮ ಬೇಡವೆಂದಳು, ಆಮೇಲೆ ಕೊರಳಿನ ಶಿಲುಬೆಯನ್ನು ಹೊರಗೆ ಕಾಣುವ ಹಾಗೆ ಎಳೆದು ಬಿಟ್ಟು ಕಳಿಸಿದಳು. ಇನ್ನೂ ಬೆಳಕಿತ್ತು, ಮಳೆಯ ಮಸುಕು ಬೆಳಕು. ಒಳಕೋಣೆಯಲ್ಲಿ ಹಿರಿಯರ ಎಲೆಗಳ ಸಾಲಿನ ಕೊನೆಗೆ ಒಂದು ಹೊಸ ಎಲೆ, ಒಂದು ಮಣೆ. ಕೋಳಿ ಸಾರು, ಒಣಸಿಗಡಿ ಚಟ್ನಿ, ಕುಚಲಕ್ಕಿ ಅನ್ನ. ಅಕ್ಕ ಬಡಿಸಿ ಮುಗಿಸಿ, ಮಣೆಯ ಮುಂದೆ ನಿಂತು, ಮಗನ ಹೆಸರು ಕರೆದು, "ನೀನು ಸತ್ತಿದ್ದೀ ಮಗಾ. ಊಟ ಮಾಡಿ ಹೋಗು" ಎಂದರು. ಅವರ ಧ್ವನಿ ನಡುಗಲಿಲ್ಲ. ಗೆಳತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ.

ಸೋದರಮಾವ ಬಾಗಿಲು ಎಳೆದರು. ನಾವು ಜಗಲಿಯಲ್ಲಿ ನಿಂತೆವು. ಮಾಡಿನಿಂದ ನೀರು ಸುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಒಳಗೆ ಮಣೆ ಸರಿದಂತೆ ಕೇಳಿತು ನನಗೆ. ಬೇರೆಯವರ ಮುಖ ನೋಡಿದೆ, ಯಾರೂ ನನ್ನ ಕಡೆ ನೋಡಲಿಲ್ಲ. ಮಾವ ಮೂರು ಸಲ ಬಾಗಿಲು ತಟ್ಟಿ ತೆರೆದರು. ಎಲೆಯ ಮೇಲಿನದ್ದು ಹಾಗೆಯೇ ಇತ್ತು, ದೀಪ ಉರಿಯುತ್ತಿತ್ತು. ಅಕ್ಕ ಬಗ್ಗಿ ಮಣೆಯನ್ನೂ ಅದರ ಮುಂದಿನ ನೆಲವನ್ನೂ ಅಂಗೈಯಿಂದ ಸವರಿ ನೋಡಿದರು. "ಒಣಗಿದೆ" ಎಂದರು. ಆಮೇಲೆ ಕುಳಿತು ಅತ್ತರು. ಎರಡು ವರ್ಷದ ಅಳುವನ್ನು ಒಟ್ಟಿಗೆ ಅತ್ತ ಹಾಗಿತ್ತು.

ಮರುದಿನದಿಂದ ಅವರು ಬಂಡೆಯ ಕಡೆ ಹೋಗಲಿಲ್ಲ. ಮಧ್ಯಾಹ್ನ ತಟ್ಟೆ ಮುಚ್ಚಿಡುವುದೂ ನಿಂತಿತು. ಎಲ್ಲರೂ ಒಳ್ಳೆಯದಾಯಿತು ಎಂದರು. ನನ್ನ ಗೆಳತಿ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಬೆಂಚು ಬದಲಿಸಿದಳು. ಬೇಲಿಯ ಬಳಿ ಎದುರಾದರೆ ತಲೆ ತಗ್ಗಿಸಿ ಹೋಗುವಳು. ಅವಳ ಅಣ್ಣನನ್ನು ಒಂದು ಪತ್ರಿಕೆಯ ಕತೆಗಾಗಿ ಕೊಂದವಳು ನಾನು ಎಂದು ಅವಳು ತಿಳಿದಿದ್ದಾಳೆ, ತಿಳಿಯಬೇಕಾದದ್ದೇ ಎಂದು ನಾನೂ ಒಪ್ಪಿಕೊಂಡೆ. ಗೇಮನ್ನು ಒಮ್ಮೆ ಕೈಗೆತ್ತಿಕೊಂಡು ಗುಂಡಿ ಒತ್ತಿದೆ. ಅಲೆಯಿಂದ ಆ ಸಣ್ಣ ಮನುಷ್ಯ ಎದ್ದ. ಇವನನ್ನು ನಾನೇ ಎಬ್ಬಿಸುತ್ತಿದ್ದೇನೆ ಅನಿಸಿ, ಪೆಟ್ಟಿಗೆಯನ್ನು ಪಪ್ಪನ ಹಳೆಯ ಸೂಟ್‌ಕೇಸಿಗೆ ಹಾಕಿ ಬೀಗ ಹಾಕಿದೆ. ಆಮೇಲೆ ನಾನು ಕತೆ ಬರೆಯಲಿಲ್ಲ. ಮೇಷ್ಟ್ರು ಎಷ್ಟು ಕೇಳಿದರೂ ಪ್ರಬಂಧವನ್ನೇ ಬರೆದುಕೊಟ್ಟೆ.

ಅವಳು ಮತ್ತೆ ನನ್ನೊಡನೆ ಮಾತಾಡಿದ್ದು ಎಂಬತ್ತರ ದಶಕ ಮುಗಿಯುತ್ತಾ ಬಂದಾಗ, ಕಾರ್ಕಳದ ಬಸ್ ನಿಲ್ದಾಣದಲ್ಲಿ. ನಾನು ಮಣಿಪಾಲದಲ್ಲಿ ಕೆಲಸಕ್ಕಿದ್ದೆ, ಯಾರದೋ ಮದುವೆಗೆಂದು ಅತ್ತ ಹೋಗಿದ್ದೆ. ಅವಳನ್ನು ಅಜೆಕಾರಿನ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಸೊಂಟದಲ್ಲಿ ಮಗು, ಕೈಯಲ್ಲಿ ಚೀಲ. ನನ್ನನ್ನು ಕಂಡು ದೂರ ಸರಿಯಲಿಲ್ಲ. "ಚಾ ಕುಡಿಯುವನಾ?" ಎಂದಳು. ಎದುರಿನ ಹೋಟೆಲಿನಲ್ಲಿ ಕುಳಿತೆವು.

ಅಮ್ಮ ಹೇಗಿದ್ದಾರೆ ಎಂದೆ. "ಚೆನ್ನಾಗಿ ನಿದ್ದೆ ಮಾಡ್ತಾಳೆ" ಎಂದಳು. ಮಗುವಿಗೆ ಬನ್ಸಿನ ಚೂರು ಮುರಿದು ಕೊಡುತ್ತಾ, ನನ್ನ ಮುಖ ನೋಡದೆ, "ಆ ಹೆಜ್ಜೆ ನನ್ನದು" ಎಂದಳು.

ನನಗೆ ಅರ್ಥವಾಗಲಿಲ್ಲ.

"ಅಣ್ಣ ಹೋದ ಮೇಲೆ ಅಮ್ಮ ಅನ್ನ ಬಿಟ್ಟಿದ್ದಳು. ಒಂದು ದಿನ ನಾನು ಬೆಳಿಗ್ಗೆ ಬೇಗ ಬಾವಿಕಟ್ಟೆಗೆ ಹೋಗಿ ಒದ್ದೆ ಕಾಲಲ್ಲಿ ಬಂದೆ. ಎಡಗಾಲಲ್ಲಿ ಮುಳ್ಳಿತ್ತು, ಹಿಮ್ಮಡಿ ಊರಲಿಲ್ಲ. ಅಮ್ಮ ಅದನ್ನು ನೋಡಿ ಅಲ್ಲಿಯೇ ಕುಳಿತಳು, ಮುಟ್ಟಿದಳು, ಒರೆಸಿದಳು. ಆ ದಿನ ಉಂಡಳು ಮಾರಾಯ್ತಿ. ಮತ್ತೆ ನಾನು ಎಂತ ಮಾಡಬೇಕಿತ್ತು? ಎರಡು ವರ್ಷ ದಿನಾ ಎದ್ದು ಮಾಡಿದೆ. ಅವಳು ಉಣ್ಣಲಿ ಅಂತ."

ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಕೈ ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನನಗೆ ಅಳು ಬಂತು. ಅವಳು ತಾಯಿಗೆ ಊಟ ಮಾಡಿಸಲು ಕಟ್ಟಿದ್ದನ್ನು ನಾನು ನಾಲ್ಕು ಹಾಳೆಯಲ್ಲಿ ಹಿಂಸೆಯಾಗಿ ತಿರುಗಿಸಿದ್ದೆ. "ಅಂದರೆ ಅಂದು ಎಲೆ ಹಾಕುವಾಗ ನೀನು ಹೇಳಬಹುದಿತ್ತಲ್ಲ, ಅದು ನಾನು, ಅಣ್ಣ ಅಲ್ಲ ಅಂತ. ಯಾಕೆ ಸುಮ್ಮನಿದ್ದೆ?" ಎಂದೆ.

"ಮಾವ ಕತೆ ಓದಿದ ದಿನವೇ ನಾನು ನಿಲ್ಲಿಸಿಬಿಟ್ಟೆ. ಇನ್ನು ಅದು ಅಮ್ಮನಿಗೆ ಸಂಕಟ ಅಂತ ಗೊತ್ತಾಯಿತಲ್ಲ. ಅಮಾವಾಸ್ಯೆ ತನಕ ಎಂಟು ದಿನ ನಾನು ಜಗಲಿಗೆ ಕಾಲಿಡಲಿಲ್ಲ, ಹಿಂದಿನ ಬಾಗಿಲಿನಲ್ಲೇ ಹೋಗಿ ಬರ್ತಿದ್ದೆ." ಅವಳು ಮಗುವಿನ ಬಾಯಿ ಒರೆಸಿದಳು. "ಎಂಟು ದಿನವೂ ಅಮ್ಮ ಬೆಳಿಗ್ಗೆ ಎದ್ದು ಒರೆಸಿದಳು. ನಾನು ಒಳಗೆ ಮಲಗಿ ಬಟ್ಟೆ ಹಿಂಡುವ ಸದ್ದು ಕೇಳ್ತಿದ್ದೆ."

"ಮಳೆಗಾಲ ಅಲ್ವಾ? ಎರಚಲು ಬಿದ್ದಿರಬೇಕು" ಎಂದೆ.

"ನಾನೂ ಹಾಗೇ ಅಂದುಕೊಂಡೆ. ಕೊನೆಯ ದಿನ ಅವಳಿಗಿಂತ ಮೊದಲು ಎದ್ದು ಹೋಗಿ ನೋಡಿದೆ. ಹೆಜ್ಜೆ ಇತ್ತು, ಎಡದ್ದಕ್ಕೆ ಹಿಮ್ಮಡಿ ಇಲ್ಲ. ಅದರ ಮೇಲೆ ನನ್ನ ಕಾಲು ಇಟ್ಟು ನೋಡಿದೆ. ನನ್ನ ಕಾಲಿಗಿಂತ ಎರಡು ಬೆರಳು ದೊಡ್ಡದಿತ್ತು." ಅವಳು ಎದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡಳು. "ಅದಕ್ಕೇ ಸುಮ್ಮನಿದ್ದೆ. ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗೂ ಇಲ್ಲ. ನಿನ್ನ ಹತ್ತಿರ ಮಾತು ಬಿಟ್ಟದ್ದು ಸಿಟ್ಟಿಗಲ್ಲ, ಹೆದರಿಕೆಗೆ. ನೀನು ಇನ್ನೂ ಬರೀತೀಯಾ?"

ಇಲ್ಲ ಎಂದೆ.

"ಒಳ್ಳೆಯದು" ಎಂದು ಹೇಳಿ, ಅಜೆಕಾರಿನ ಬಸ್ಸು ಹೊರಟಿತೆಂದು ಓಡಿದಳು.